ಹತ್ತು ಸೆಕೆಂಡಿನ ಓಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ಪುರುಷರ ಸ್ಪ್ರಿಂಟ್ ಬಗ್ಗೆಯೇ. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್ ನೋಡುವವರ ತಲೆಯಲ್ಲಿ ಮತ್ತೆ ಮತ್ತೆ ಏಳುವ ಅನುಮಾನಗಳು ಇವು. ಕೆಲವಕ್ಕೆ ಉದ್ದದ ಉತ್ತರ ಬೇಕಿತ್ತು, ಕೆಲವಕ್ಕೆ ನಾಲ್ಕು ಮಾತು ಸಾಕಿತ್ತು.

ಪ್ರಶ್ನೆ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್ ಫೈನಲ್ ಎಷ್ಟು ಸಲ ನೋಡಿದರೂ ನನಗೆ ಸಮಾಧಾನ ಆಗಿಲ್ಲ. ಇಬ್ಬರಿಗೂ 9.79 ಸೆಕೆಂಡ್. ಫೋಟೋ ನೋಡಿದರೆ ಜಮೈಕಾದ ಕಿಶೇನ್ ಥಾಂಪ್ಸನ್ ಅವರ ಪಾದ ಮೊದಲು ಗೆರೆ ಮುಟ್ಟಿದೆ. ಹಾಗಿದ್ದರೂ ಅಮೆರಿಕದ ನೋವಾ ಲೈಲ್ಸ್‌ಗೆ ಚಿನ್ನ ಹೇಗೆ ಸಿಕ್ಕಿತು?

ಪಾದ ಮುಂದಿದ್ದದ್ದು ನಿಜ. ಆದರೆ ಪಾದ ಲೆಕ್ಕಕ್ಕಿಲ್ಲ. ತಲೆ, ಕುತ್ತಿಗೆ, ಕೈ, ಕಾಲು ಯಾವುದೂ ಲೆಕ್ಕಕ್ಕಿಲ್ಲ. ಗೆರೆಯ ಈಚೆಯ ಅಂಚಿಗೆ ಯಾರ ಮುಂಡ ಮೊದಲು ಬರುತ್ತದೋ ಅವರೇ ಗೆದ್ದಂತೆ. ಕೊನೆಯ ಹೆಜ್ಜೆಯಲ್ಲಿ ಓಟಗಾರರು ಎದೆ ಮುಂದೆ ಚಾಚಿ ಬಾಗುವುದು ಇದಕ್ಕೇ.

ಇನ್ನು ಸಮಯದ ವಿಷಯ. ಲೈಲ್ಸ್ ಅವರದು 9.784, ಥಾಂಪ್ಸನ್ ಅವರದು 9.789. ಅಧಿಕೃತ ಫಲಿತಾಂಶದಲ್ಲಿ ನೂರನೇ ಭಾಗದವರೆಗೆ ಮಾತ್ರ ಬರೆಯುತ್ತಾರೆ. ಮಿಕ್ಕಿದ್ದನ್ನು ಯಾವಾಗಲೂ ಮೇಲಕ್ಕೇ ಸೇರಿಸುತ್ತಾರೆ, ಹಾಗಾಗಿ ಎರಡೂ 9.79 ಆಯಿತು. ಸ್ಥಾನ ತೀರ್ಮಾನ ಮಾಡುವಾಗ ಮಾತ್ರ ಸಾವಿರದ ಭಾಗ ನೋಡುತ್ತಾರೆ. ಆ ವೇಗದಲ್ಲಿ ಸೆಕೆಂಡಿನ ಸಾವಿರದ ಐದು ಭಾಗ ಅಂದರೆ ನೆಲದ ಮೇಲೆ ಸುಮಾರು ಐದಾರು ಸೆಂಟಿಮೀಟರ್ ಅಷ್ಟೇ.

ಫೋಟೋ ಫಿನಿಷ್ ಚಿತ್ರ ನೋಡುವಾಗ ಒಂದು ವಿಷಯ ನೆನಪಿಡಿ, ಅದು ನಾವು ತೆಗೆಯುವಂಥ ಫೋಟೋ ಅಲ್ಲ. ಆ ಕ್ಯಾಮೆರಾ ನೋಡುವುದು ಗೆರೆಯನ್ನು ಮಾತ್ರ. ಗೆರೆಯ ಮೇಲಿನ ಒಂದು ತೆಳು ಸೀಳನ್ನು ಬಿಡದೆ ಸೆರೆಹಿಡಿಯುತ್ತದೆ, ಪ್ಯಾರಿಸ್‌ನಲ್ಲಿ ಬಳಸಿದ್ದು ಸೆಕೆಂಡಿಗೆ 40,000 ಸಲದವರೆಗೆ ಸೆರೆಹಿಡಿಯುವಂಥದ್ದು, ಆಮೇಲೆ ಆ ಸೀಳುಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಚಿತ್ರ ಆಗುತ್ತದೆ. ಹಾಗಾಗಿ ಆ ಚಿತ್ರದಲ್ಲಿ ಅಡ್ಡಕ್ಕೆ ಇರುವುದು ಜಾಗ ಅಲ್ಲ, ಸಮಯ. ಕಾಲು, ಶೂ ವಿಚಿತ್ರವಾಗಿ ಉದ್ದವೋ ಗಿಡ್ಡವೋ ಆಗಿ ಕಾಣುವುದೂ ಇದರಿಂದಲೇ.

ಲೈಲ್ಸ್ ಓಡಿದ್ದು 7ನೇ ಲೇನ್‌ನಲ್ಲಿ, ಥಾಂಪ್ಸನ್ 4ನೆಯದರಲ್ಲಿ. ಓಟ ಮುಗಿದ ತಕ್ಷಣ ಲೈಲ್ಸ್ ಅವರಿಗೇ ಥಾಂಪ್ಸನ್ ಗೆದ್ದರು ಅನ್ನಿಸಿತ್ತು. ಓಡಿದವರಿಗೇ ಗೊತ್ತಾಗದ್ದು ಟಿವಿ ಮುಂದೆ ಕೂತ ನಮಗೆ ಗೊತ್ತಾಗುವುದು ಕಷ್ಟ. ತೀರ್ಪು ಸರಿಯಾಗಿಯೇ ಇದೆ. ಇನ್ನೊಂದು ಮಾತು: ಅವತ್ತು ಎಂಟೂ ಜನ ಹತ್ತು ಸೆಕೆಂಡಿನ ಒಳಗೆ ಓಡಿದರು. ಕೊನೆಯ ಸ್ಥಾನದ ಜಮೈಕಾದ ಒಬ್ಲಿಕ್ ಸೆವಿಲ್ ಅವರದೂ 9.91. ಮರುವರ್ಷ ಟೋಕಿಯೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ ಸೆವಿಲ್ 9.77ರಲ್ಲಿ ಓಡಿ ಚಿನ್ನ ಗೆದ್ದರು. ಎಂಟನೆಯವರು ಅಂತ ಯಾರನ್ನೂ ಪಕ್ಕಕ್ಕಿಡುವ ಹಾಗಿಲ್ಲ.

ಪ್ರಶ್ನೆ: ಅದೇ ಓಟದಲ್ಲಿ ಲೈಲ್ಸ್ ಶುರುವಿನಲ್ಲಿ ಎಲ್ಲರಿಗಿಂತ ಹಿಂದಿದ್ದರು. ಕೊನೆಯಲ್ಲಿ ಏಕ್‌ದಮ್ ವೇಗ ಹೆಚ್ಚಿಸಿ ಎಲ್ಲರನ್ನೂ ಹಿಂದಿಕ್ಕಿದರು. ಆ ಕೊನೆಯ ವೇಗ ಎಲ್ಲಿಂದ ಬರುತ್ತದೆ?

ಬರುವುದಿಲ್ಲ. ನಿಮ್ಮ ಕಣ್ಣಿಗೆ ಹಾಗೆ ಕಾಣುತ್ತದೆ, ಅಷ್ಟೇ. 100 ಮೀಟರ್ ಓಟದ ಕೊನೆಯಲ್ಲಿ ಯಾರೂ ವೇಗ ಹೆಚ್ಚಿಸುವುದಿಲ್ಲ, ಎಲ್ಲರೂ ನಿಧಾನ ಆಗುತ್ತಿರುತ್ತಾರೆ. ಕಡಿಮೆ ನಿಧಾನ ಆಗುವವರು ಮುಂದೆ ನುಗ್ಗಿದಂತೆ ಕಾಣುತ್ತಾರೆ. ಸ್ಪ್ರಿಂಟ್ ಬಗ್ಗೆ ತಿಳಿಯಬೇಕಾದ ಮಾತು ಒಂದೇ ಒಂದು ಅಂದರೆ ಇದೇ ಅಂತ ನಾನು ಹೇಳುತ್ತೇನೆ.

ಉಸೇನ್ ಬೋಲ್ಟ್ 2009ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ 9.58 ಓಡಿದರಲ್ಲ, ಅದನ್ನು 20 ಮೀಟರ್‌ಗೆ ಒಂದರಂತೆ ಅಳೆದ ಲೆಕ್ಕ ಇದೆ. ಮೊದಲ 20 ಮೀಟರ್‌ಗೆ 2.89 ಸೆಕೆಂಡ್. ಆಮೇಲೆ 1.75, 1.67, 1.61, ಕೊನೆಯ 20ಕ್ಕೆ 1.66. ನೋಡಿ, ಅತಿ ವೇಗ ಇದ್ದದ್ದು 60ರಿಂದ 80 ಮೀಟರ್ ನಡುವೆ, ಗಂಟೆಗೆ 44 ಕಿಲೋಮೀಟರ್‌ಗೂ ಮೇಲೆ. ಕೊನೆಯ 20ರಲ್ಲಿ ಬೋಲ್ಟ್ ಕೂಡ ನಿಧಾನವಾದರು. ಜಗತ್ತಿನ ಅತಿ ವೇಗದ ಓಟದಲ್ಲೇ ಹೀಗೆ ಅಂದ ಮೇಲೆ ಉಳಿದವರದು ಕೇಳಬೇಕೇ?

ಪೂರ್ತಿ ಬಿರುಸಿನಲ್ಲಿ ಓಡುವಾಗ ಸ್ನಾಯುಗಳಿಗೆ ತಕ್ಷಣ ಶಕ್ತಿ ಕೊಡುವ ಸಂಗ್ರಹ ಕೆಲವೇ ಸೆಕೆಂಡುಗಳಲ್ಲಿ ಕರಗುತ್ತದೆ. ಹೆಜ್ಜೆಗಳ ಚುರುಕು ಕಡಿಮೆಯಾಗುತ್ತದೆ, ಪಾದ ನೆಲದ ಮೇಲೆ ನಿಲ್ಲುವ ಹೊತ್ತು ಸ್ವಲ್ಪ ಹೆಚ್ಚಾಗುತ್ತದೆ. ಆ ಹೊತ್ತಿನಲ್ಲಿ ಪಕ್ಕದವರು ಮುಂದೆ ಹೋಗುತ್ತಿದ್ದಾರೆ ಅಂತ ಗಾಬರಿಯಾಗಿ ಮುಖ, ಹೆಗಲು, ಕೈ ಬಿಗಿ ಹಿಡಿದರೆ ಕೆಲಸ ಇನ್ನೂ ಕೆಟ್ಟಿತು. ಲೈಲ್ಸ್ 200 ಮೀಟರ್ ಓಟದಲ್ಲಿ ಬೆಳೆದವರು, ವೇಗ ಉಳಿಸಿಕೊಳ್ಳುವುದು ಅವರಿಗೆ ಕರಗತ. ಪ್ಯಾರಿಸ್‌ನಲ್ಲಿ ಅವರು ಬ್ಲಾಕ್ (ಹೊರಡುವಾಗ ಪಾದ ಊರಿ ಒದೆಯುವ ಸಾಧನ) ಬಿಟ್ಟದ್ದು ಗುಂಡಿನ ಸದ್ದಾದ 0.178 ಸೆಕೆಂಡಿಗೆ. ಮೂರನೆಯವರಾದ ಫ್ರೆಡ್ ಕೆರ್ಲಿ 0.108ಕ್ಕೇ ಹೊರಟಿದ್ದರು. 30 ಮೀಟರ್ ದಾಟುವಾಗ ಲೈಲ್ಸ್ ಎಲ್ಲರಿಗಿಂತ ಹಿಂದೆ. ಆದರೂ ಹೆಗಲು ಬಿಗಿ ಮಾಡದೆ ತಮ್ಮ ಓಟ ತಾವು ಓಡಿದರು. ನನಗೆ ಆ ಚಿನ್ನಕ್ಕಿಂತ ಆ ತಾಳ್ಮೆಯೇ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಗುಂಡು ಹಾರಿದ ಮೇಲೆ ಹೊರಟರೂ ಕೆಲವೊಮ್ಮೆ ಫಾಲ್ಸ್ ಸ್ಟಾರ್ಟ್ ಅಂತ ಹೊರಗೆ ಹಾಕುತ್ತಾರೆ. ಇದು ಯಾವ ನ್ಯಾಯ? ಒಂದು ಎಚ್ಚರಿಕೆ ಕೊಟ್ಟು ಬಿಡಬಾರದೇ?

ನಿಯಮ ಹೀಗಿದೆ: ಸದ್ದು ಕೇಳಿ ಮೆದುಳು ಕಾಲಿಗೆ ಹೇಳಿ ಕಾಲು ಬ್ಲಾಕನ್ನು ಒದೆಯಲು ಕಡಿಮೆ ಅಂದರೂ 0.1 ಸೆಕೆಂಡ್ ಬೇಕು ಅಂತ ಇಟ್ಟುಕೊಂಡಿದ್ದಾರೆ. ಬ್ಲಾಕ್‌ನಲ್ಲಿರುವ ಸಾಧನ ಅದಕ್ಕಿಂತ ಬೇಗ ಒತ್ತಡ ಕಂಡರೆ, ಓಟಗಾರ ಸದ್ದು ಕೇಳಿ ಹೊರಟಿಲ್ಲ, ಅಂದಾಜಿನ ಮೇಲೆ ಹೊರಟಿದ್ದಾನೆ ಅಂತ ಅರ್ಥ. ಅಂದ ಹಾಗೆ ಸದ್ದು ಎಲ್ಲರಿಗೂ ಒಟ್ಟಿಗೆ ಕೇಳಲಿ ಅಂತ ಪ್ರತಿ ಬ್ಲಾಕ್‌ನ ಹಿಂದೆಯೂ ಸ್ಪೀಕರ್ ಇರುತ್ತದೆ. ಇಲ್ಲದಿದ್ದರೆ 1ನೇ ಲೇನ್ ಹತ್ತಿರದ ಸದ್ದು 8ನೇ ಲೇನ್‌ಗೆ ಮುಟ್ಟಲು 0.02 ಸೆಕೆಂಡಿಗಿಂತ ಜಾಸ್ತಿ ಬೇಕು. ಪದಕದ ಬಣ್ಣ ಬದಲಿಸಲು ಅಷ್ಟು ಸಾಕು.

ಎಚ್ಚರಿಕೆ ಕೊಡುವ ಪದ್ಧತಿ ಮೊದಲು ಇತ್ತು. ಆಗ ಪ್ರತಿಯೊಬ್ಬರಿಗೂ ಒಂದು ತಪ್ಪು ಮಾಫಿ. 2003ರಿಂದ ಇಡೀ ಓಟಕ್ಕೆ ಒಂದೇ ಮಾಫಿ, ಎರಡನೇ ಸಲ ಯಾರೇ ತಪ್ಪು ಮಾಡಿದರೂ ಅವರು ಹೊರಗೆ. ಇದರಲ್ಲೂ ಒಂದು ಕೊಳಕು ಸೇರಿಕೊಂಡಿತು: ಚುರುಕಾಗಿ ಹೊರಡುವ ಎದುರಾಳಿಯನ್ನು ಹೆದರಿಸಲು ಬೇಕಂತಲೇ ಮೊದಲ ತಪ್ಪು ಮಾಡುವ ದಾರಿ ತೆರೆದುಕೊಂಡಿತು. 2010ರಿಂದ ಮಾಫಿಯೇ ಇಲ್ಲ. ಮರುವರ್ಷ ದೇಗು ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಸ್ವತಃ ಬೋಲ್ಟ್ ಸದ್ದಿಗೂ ಮೊದಲೇ ಹೊರಟು ಅನರ್ಹರಾದರು. 2025ರ ಟೋಕಿಯೋ ಫೈನಲ್‌ನಲ್ಲಿ ಬೋಟ್ಸ್ವಾನಾದ ಲೆಟ್ಸಿಲೆ ಟೆಬೊಗೊ ಅವರದೂ ಅದೇ ಕಥೆ.

ಸದ್ದಿಗೆ ಮೊದಲೇ ಹೊರಟವರನ್ನು ಹೊರಗೆ ಹಾಕುವುದು ಸರಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ 2022ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 110 ಮೀಟರ್ ಹರ್ಡಲ್ಸ್ ಫೈನಲ್‌ನಿಂದ ಡೆವೊನ್ ಆಲನ್ ಅವರನ್ನು ಕಳಿಸಿದ್ದು 0.099 ಸೆಕೆಂಡಿಗೆ ಹೊರಟರು ಅಂತ. ಸಾವಿರದ ಒಂದು ಭಾಗದ ತಪ್ಪು! ಎಲ್ಲರ ಮೆದುಳೂ ಒಂದೇ ವೇಗದಲ್ಲಿ ಕೆಲಸ ಮಾಡುತ್ತದೆ ಅಂತ ಒಂದು ಗೆರೆ ಎಳೆದು, ಆ ಗೆರೆಯನ್ನು ಕೂದಲೆಳೆಯಷ್ಟು ದಾಟಿದವರನ್ನು ಮೋಸಗಾರರ ಸಾಲಿಗೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಇಂಥ ಗಡಿಯಂಚಿನ ತಪ್ಪಿಗಾದರೂ ಓಡಲು ಬಿಟ್ಟು, ಆಮೇಲೆ ಕೂತು ತೀರ್ಮಾನ ಮಾಡಬೇಕು.

ಪ್ರಶ್ನೆ: ಗಾಳಿ ಜಾಸ್ತಿ ಇದ್ದರೆ ಗೆಲುವೂ ರದ್ದಾಗುತ್ತದಾ?

ಇಲ್ಲ. ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ಆ ಸಮಯ ದಾಖಲೆಗೆ ಬರುವುದಿಲ್ಲ. ಸ್ಥಾನ, ಪದಕ ಎಲ್ಲ ಹಾಗೇ ಇರುತ್ತವೆ. ಟೈಸನ್ ಗೇ 2008ರಲ್ಲಿ 9.68 ಓಡಿದ್ದರು, ಆಗ ಗಾಳಿ 4.1 ಮೀಟರ್ ಇತ್ತು. ಓಟ ಗೆದ್ದರು, ದಾಖಲೆ ಸಿಗಲಿಲ್ಲ.

ಪ್ರಶ್ನೆ: ಹೀಟ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನ ಓಟಗಳಲ್ಲಿ, ದೊಡ್ಡ ಓಟಗಾರರು ಕೊನೆಯಲ್ಲಿ ಸುಮ್ನೆ ನಡೆದಂತೆ ಬರುತ್ತಾರಲ್ಲ, ಅದು ಸೊಕ್ಕಾ?

ಸೊಕ್ಕಲ್ಲ, ಲೆಕ್ಕಾಚಾರ. ಎರಡು ದಿನದಲ್ಲಿ ಮೂರು ಸಲ ಓಡಬೇಕು, ಸೆಮಿಫೈನಲ್ ಮತ್ತು ಫೈನಲ್ ಒಂದೇ ಸಂಜೆ ಬರುವುದೂ ಉಂಟು. ಪ್ಯಾರಿಸ್‌ನಲ್ಲಿ ಲೈಲ್ಸ್ ಹೀಟ್‌ನಲ್ಲೂ ಎರಡನೆಯವರು, ಸೆಮಿಫೈನಲ್‌ನಲ್ಲೂ ಎರಡನೆಯವರು. ಆದರೆ ಸೆಮಿಫೈನಲ್‌ನಲ್ಲಿ ಆಟ ಆಡುವ ಹಾಗಿಲ್ಲ: ಮೂರು ಓಟ, ಪ್ರತಿಯೊಂದರಿಂದ ಮೊದಲ ಇಬ್ಬರು, ಜೊತೆಗೆ ಒಳ್ಳೆಯ ಸಮಯದ ಇನ್ನಿಬ್ಬರು ಮಾತ್ರ ಫೈನಲ್‌ಗೆ. ನನ್ನ ಕಣ್ಣಿಗೆ ಫೈನಲ್‌ಗಿಂತ ಸೆಮಿಫೈನಲ್‌ಗಳೇ ಕ್ರೂರ.

ಪ್ರಶ್ನೆ: 400 ಮೀಟರ್‌ನಲ್ಲಿ 8ನೇ ಲೇನ್ ಬಂದರೆ ಸೋತಂತೆಯೇ ಅಲ್ವಾ?

ತೊಂದರೆ ಇದೆ. ತಿರುವು ಅಷ್ಟು ಕಡಿದಾಗಿರುವುದಿಲ್ಲ ಅನ್ನುವುದು ಲಾಭ, ಆದರೆ ಹೊರಗಿನ ಲೇನ್‌ನವರು ಹೊರಡುವ ಜಾಗ ಮುಂದಕ್ಕಿರುವುದರಿಂದ ಎಲ್ಲರೂ ನಿಮ್ಮ ಹಿಂದಿರುತ್ತಾರೆ, ಯಾರು ಎಷ್ಟು ವೇಗದಲ್ಲಿದ್ದಾರೆ ಅಂತ ಕಾಣುವುದೇ ಇಲ್ಲ. ಆದರೂ ದಕ್ಷಿಣ ಆಫ್ರಿಕಾದ ವೇಡ್ ವ್ಯಾನ್ ನೀಕರ್ಕ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 8ನೇ ಲೇನ್‌ನಿಂದಲೇ 43.03 ಓಡಿ, ಮೈಕೆಲ್ ಜಾನ್ಸನ್ ಅವರ 1999ರ ವಿಶ್ವದಾಖಲೆ 43.18 ಅನ್ನು ಅಳಿಸಿದರು. ಯಾರನ್ನೂ ನೋಡದೆ ಒಂದು ಸುತ್ತು ಪೂರ್ತಿ ಓಡಿದ ಆ ಓಟವನ್ನು ನೀವು ನೋಡಿಲ್ಲ ಅಂದರೆ ಇವತ್ತೇ ಹುಡುಕಿ ನೋಡಿ.

ಪ್ರಶ್ನೆ: ಅಮೆರಿಕದ ಬಳಿ ಅಷ್ಟೊಂದು ವೇಗದ ಓಟಗಾರರಿದ್ದೂ 4x100 ರಿಲೇಯಲ್ಲಿ ಪದೇ ಪದೇ ಎಡವುವುದು ಏಕೆ?

ಏಕೆಂದರೆ ರಿಲೇಯಲ್ಲಿ ಓಡುವುದು ಬ್ಯಾಟನ್, ಅಂದರೆ ಒಬ್ಬರಿಂದ ಇನ್ನೊಬ್ಬರ ಕೈಗೆ ದಾಟಿಸುವ ಕೋಲು. ಓಟಗಾರರು ಅದನ್ನು ಸಾಗಿಸುವವರು ಅಷ್ಟೇ. ಬ್ಯಾಟನ್ ಕೈ ಬದಲಾಯಿಸಲು 30 ಮೀಟರ್ ಜಾಗ ಕೊಡುತ್ತಾರೆ. ಆ ಜಾಗದೊಳಗೆ ಇರಬೇಕಾದ್ದು ಬ್ಯಾಟನ್, ಓಟಗಾರನ ಪಾದ ಎಲ್ಲಿದೆ ಅನ್ನುವುದು ಮುಖ್ಯವಲ್ಲ. ತೆಗೆದುಕೊಳ್ಳುವವನು ಹಿಂದೆ ನೋಡದೆ ಓಡತೊಡಗಬೇಕು, ಕೊಡುವವನು ಅವನನ್ನು ಹಿಡಿಯಬೇಕು, ಇಬ್ಬರ ವೇಗವೂ ಒಂದಾಗುವ ಆ ಒಂದು ಕ್ಷಣದಲ್ಲಿ ಬ್ಯಾಟನ್ ದಾಟಬೇಕು. ಬೇಗ ಹೊರಟರೆ ಕೈಗೆ ಸಿಗುವುದಿಲ್ಲ, ತಡ ಮಾಡಿದರೆ ಇಬ್ಬರೂ ಡಿಕ್ಕಿ.

ಪ್ಯಾರಿಸ್‌ನಲ್ಲಿ ಅಮೆರಿಕದ ಕ್ರಿಶ್ಚಿಯನ್ ಕೋಲ್ಮನ್ ಅವರಿಂದ ಕೆನ್ನಿ ಬೆಡ್ನರೆಕ್‌ಗೆ ಮೊದಲ ಬದಲಾವಣೆಯಲ್ಲೇ ಎಡವಟ್ಟಾಯಿತು, ತಂಡ ಅನರ್ಹ. ಗೆದ್ದದ್ದು ಕೆನಡಾ, 37.50ರಲ್ಲಿ. ನಾಲ್ವರೂ ಜೊತೆಯಲ್ಲಿ ವರ್ಷಗಟ್ಟಲೆ ಓಡಿದವರು, ಕೊನೆಯ ಲೆಗ್‌ನಲ್ಲಿ ಆಂಡ್ರೆ ಡಿ ಗ್ರಾಸ್.

ಇನ್ನೂ ಒಳ್ಳೆಯ ಉದಾಹರಣೆ ಜಪಾನ್. 2016ರ ರಿಯೊದಲ್ಲಿ ಅವರ ನಾಲ್ವರಲ್ಲಿ ಒಬ್ಬರೂ ಅಲ್ಲಿಯವರೆಗೆ 100 ಮೀಟರನ್ನು ಹತ್ತು ಸೆಕೆಂಡಿನೊಳಗೆ ಓಡಿದವರಲ್ಲ. ಆದರೂ 37.60 ಓಡಿ, ಬೋಲ್ಟ್ ಇದ್ದ ಜಮೈಕಾದ ಹಿಂದೆಯೇ ಬಂದು ಬೆಳ್ಳಿ ಗೆದ್ದರು. ಅವರು ಬ್ಯಾಟನನ್ನು ಮೇಲಿನಿಂದ ಕೊಡದೆ ಕೆಳಗಿನಿಂದ ಕೊಡುತ್ತಿದ್ದರು. ತೆಗೆದುಕೊಳ್ಳುವವನು ಕೈಯನ್ನು ಹಿಂದಕ್ಕೆ ಎತ್ತರಕ್ಕೆ ಚಾಚಬೇಕಿಲ್ಲ, ಓಡುವ ಭಂಗಿ ಕೆಡುವುದಿಲ್ಲ. ಕೈ ಚಾಚುವ ದೂರ ಕಡಿಮೆಯಾಗುವುದು ನಷ್ಟ ನಿಜ, ಆದರೆ ಅವರು ಅಭ್ಯಾಸದಿಂದ ಅದನ್ನು ತುಂಬಿಕೊಂಡರು. ಅದೇ ಓಟದಲ್ಲಿ ಮೂರನೆಯವರಾಗಿ ಗೆರೆ ದಾಟಿದ ಅಮೆರಿಕವನ್ನು ಬ್ಯಾಟನ್ ತಪ್ಪಿಗೆ ಅನರ್ಹ ಮಾಡಿದರು. ವೇಗದ ನಾಲ್ವರನ್ನು ಕೊನೆಯ ವಾರ ಸೇರಿಸಿ ತಂಡ ಅಂದರೆ ಹೀಗೇ ಆಗುವುದು. ಪ್ರತಿಭೆ ವ್ಯರ್ಥವಾಗುವುದನ್ನು ನೋಡಲು ನಿಜಕ್ಕೂ ಸಂಕಟವಾಗುತ್ತದೆ.

ಪ್ರಶ್ನೆ: ಬೋಲ್ಟ್ ಅವರ 9.58 ಯಾವತ್ತಾದರೂ ಬೀಳುತ್ತದಾ?

ಸದ್ಯಕ್ಕೆ ದೂರ ಇದೆ. ಬೋಲ್ಟ್ ಬಿಟ್ಟರೆ ಗಾಳಿಯ ನಿಯಮದೊಳಗೆ ಇತಿಹಾಸದಲ್ಲೇ ಅತಿ ವೇಗದ ಸಮಯ 9.69, ಟೈಸನ್ ಗೇ ಮತ್ತು ಜಮೈಕಾದ ಯೊಹಾನ್ ಬ್ಲೇಕ್ ಅವರದು. ಥಾಂಪ್ಸನ್ 2025ರಲ್ಲಿ 9.75ರವರೆಗೆ ಬಂದರು.

ನನ್ನನ್ನು ಕೇಳಿದರೆ ಮೊದಲು ಬೀಳುವುದು ಬೋಲ್ಟ್ ಅವರದೇ 200 ಮೀಟರ್ ದಾಖಲೆ, 19.19. ಬ್ಲೇಕ್ 2011ರಲ್ಲಿ ಬ್ರಸೆಲ್ಸ್‌ನಲ್ಲಿ 19.26 ಓಡಿದ್ದರು. ಅವತ್ತು ಅವರು ಬ್ಲಾಕ್‌ನಿಂದ ಹೊರಟದ್ದು ಸದ್ದಾದ 0.269 ಸೆಕೆಂಡಿಗೆ, ತೀರಾ ನಿಧಾನ. ಬೋಲ್ಟ್ 19.19 ಓಡಿದಾಗ ಹೊರಟದ್ದು 0.133ಕ್ಕೆ. ಆ ಕಾದ ಹೊತ್ತನ್ನು ಎರಡರಿಂದಲೂ ಕಳೆದರೆ ಬ್ಲೇಕ್ ಅವರದು 18.99, ಬೋಲ್ಟ್ ಅವರದು 19.06. ಬೋಲ್ಟ್‌ಗೆ ಎದುರು ಗಾಳಿ ಇತ್ತು, ಬ್ಲೇಕ್‌ಗೆ ಹಿಂದಿನ ಗಾಳಿಯ ಸಹಾಯ ಇತ್ತು, ಹಾಗಾಗಿ ಯಾರು ಮೇಲು ಅಂತ ಇದರಿಂದ ಹೇಳುವಂತಿಲ್ಲ. ಆದರೆ ಮನುಷ್ಯನ ಕಾಲಿಗೆ 19.19ಕ್ಕಿಂತ ಕಡಿಮೆ ಸಮಯ ಸಾಧ್ಯ ಅನ್ನುವುದನ್ನು ಆ ಓಟ ಆಗಲೇ ತೋರಿಸಿಬಿಟ್ಟಿದೆ. ಲೈಲ್ಸ್ 2022ರಲ್ಲಿ 19.31, ಟೆಬೊಗೊ ಪ್ಯಾರಿಸ್‌ನಲ್ಲಿ 19.46. ಟೆಬೊಗೊ ಹುಟ್ಟಿದ್ದು 2003ರಲ್ಲಿ, ಅವರಿಗೆ ಇನ್ನೂ ಸಮಯ ಇದೆ.