ಪಾಲಿಸಿಕ್ಸ್: ಯಾವ ಆಲ್ಬಮ್‌ನಿಂದ ಶುರು ಮಾಡೋದು, ಅವರ ಸದ್ದು ಹೊರಡಿಸೋದು ಹೇಗೆ

ಮೂರು ಜನರ ಬ್ಯಾಂಡ್ ಇಟ್ಟುಕೊಂಡಿರೋ ನೀವು ಕೇಳಿರೋದು ಮೂರು: ಜಪಾನಿನ ಪಾಲಿಸಿಕ್ಸ್ ರಾಕ್ ಬ್ಯಾಂಡನ್ನು ಎಲ್ಲಿಂದ ಕೇಳಬೇಕು, ಅವರ ಆ ಕಿರುಚುವ ಸಿಂತ್ (ಸಿಂತಸೈಜರ್) ಸದ್ದು ಲ್ಯಾಪ್‌ಟಾಪಿನಲ್ಲಿ ಬರುತ್ತಾ, ಜಪಾನಿನಿಂದ ಹಳೇ ಕಾರ್ಗ್ ಪಾಲಿಸಿಕ್ಸ್ ಕೀಬೋರ್ಡ್ ತರಿಸಬಹುದಾ. ಬ್ಯಾಂಡಿಗೆ ಹೆಸರು ಬಂದಿದ್ದೇ ಆ ಕೀಬೋರ್ಡಿನಿಂದ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತೆ, ಹಾಗಾಗಿ ಕೆಳಗೆ ಕೀಬೋರ್ಡಿಗೆ ‘ಕಾರ್ಗ್’ ಅಂತಲೇ ಬರೀತೀನಿ. ಮೂರನೇ ಪ್ರಶ್ನೆಗೆ ಈಗಲೇ ಉತ್ತರ: ಬೇಡ. ಕಾರಣ ಕೊನೆಗೆ.

‘ಇವರು ಅಮೆರಿಕದ ಡಿವೋ ಬ್ಯಾಂಡಿನ ಕಾಪಿ ಅಷ್ಟೇ’ ಅಂತ ಕೆಲವರು ಅನ್ನೋದು ಅರ್ಧ ಸರಿ. ಹಿರೊಯುಕಿ ಹಯಾಶಿ 1997ರಲ್ಲಿ ಟೋಕಿಯೊದಲ್ಲಿ ಬ್ಯಾಂಡ್ ಕಟ್ಟಿದ್ದೇ ಡಿವೋ ಹುಚ್ಚಿನಲ್ಲಿ, ಅದನ್ನು ಯಾವತ್ತೂ ಮುಚ್ಚಿಟ್ಟಿಲ್ಲ. ಎಲ್ಲರಿಗೂ ಒಂದೇ ಕಿತ್ತಳೆ ಜಂಪ್‌ಸೂಟ್, ಕಣ್ಣಿಗೆ ಅಡ್ಡಪಟ್ಟಿಯಂಥ ಕಪ್ಪು ಕನ್ನಡಕ. 2001ರ ಆಲ್ಬಮ್ಮಿನ ಹೆಸರು ‘ಈನೊ’, ಡಿವೋದ 1978ರ ಮೊದಲ ಆಲ್ಬಮ್ಮಿಗೆ ನಿರ್ಮಾಪಕ ಬ್ರಯನ್ ಈನೊ. 2011ರದ್ದು ‘ಓ! ನೋ! ಇಟ್ಸ್ ಹೆವಿ ಪಾಲಿಸಿಕ್!!!’, ಡಿವೋದ 1982ರ ಆಲ್ಬಮ್ಮಿನ ಹೆಸರನ್ನೇ ತಿರುಚಿದ್ದು. ಆದರೆ ಡಿವೋ ಬಿಗಿಯಾಗಿ, ಅಳೆದು ನುಡಿಸುತ್ತೆ. ಪಾಲಿಸಿಕ್ಸ್ ಅದೇ ಬಿಗಿಯನ್ನು ಹಾರ್ಡ್‌ಕೋರ್ ಪಂಕ್ ವೇಗದಲ್ಲಿ ಓಡಿಸುತ್ತೆ, ಮೇಲೆ ಪೂರ್ತಿ ಡಿಸ್ಟಾರ್ಷನ್ (ಸದ್ದನ್ನು ಒಡೆದು ಒರಟು ಮಾಡೋದು) ಹಾಕಿದ ಗಿಟಾರ್. ಇಲ್ಲಿ ಸಿಂತ್ ಅನ್ನೋದು ಹಿನ್ನೆಲೆಗೆ ಹಾಸುವ ಚಾದರ ಅಲ್ಲ, ಬಡಿಯುವ ತಮಟೆ. ಇದು ತಲೆಗೆ ಹೋಗದೆ ಎಷ್ಟು ಪ್ಲಗಿನ್ (ಲ್ಯಾಪ್‌ಟಾಪಿನಲ್ಲಿ ಓಡೋ ಸಿಂತ್ ಸಾಫ್ಟ್‌ವೇರ್) ಕೊಂಡರೂ ಆ ಸದ್ದು ಬರಲ್ಲ.

ಕೇಳೋಕೆ ‘ಪಾಲಿಸಿಕ್ಸ್ ಆರ್ ಡೈ!!!!’ (2004) ಸಂಗ್ರಹದಿಂದ ಶುರು ಮಾಡಿ. ಆಮೇಲೆ ‘ನೌ ಈಸ್ ದ ಟೈಮ್!’ (2005), ‘ಕರಾಟೆ ಹೌಸ್’ (2007), ‘ವಿ ಏಟ್ ದ ಮಷೀನ್’ (2008), ಇದೇ ಕ್ರಮದಲ್ಲಿ. ಹಯಾಶಿ ಗಿಟಾರ್, ಫುಮಿ ಬಾಸ್, ಯಾನೊ ಡ್ರಮ್ಸ್, ಕಾಯೊ ಸಿಂತ್ ಮತ್ತು ವೊಕೋಡರ್ (ದನಿಯನ್ನು ರೋಬೋಟಿನ ಥರ ಮಾಡೋ ಸಾಧನ), ಈ ನಾಲ್ವರ ಜೋಡಿ ಪೂರ್ತಿ ಹದಕ್ಕೆ ಬಂದಿರೋದು ಇಲ್ಲೇ. 1999ರ ‘ಫಸ್ಟ್ ಪಿ’ ಮತ್ತು ‘ಎ.ಡಿ.ಎಸ್.ಆರ್.ಎಂ.!’ ಒರಟು, ಮೊದಲೇ ಕೇಳಿದರೆ ತಲೆನೋವು ಬರಬಹುದು. ಅಮೆರಿಕದವರಿಗೆ ಇವರ ಪರಿಚಯ ಆಗಿದ್ದು 2000ದಲ್ಲಿ ಏಷ್ಯನ್ ಮ್ಯಾನ್ ರೆಕಾರ್ಡ್ಸ್ ತಂದ ‘ಹೇ! ಬಾಬ್! ಮೈ ಫ್ರೆಂಡ್!’ ಮೂಲಕ. ಸಾಹಿತ್ಯ ಅರ್ಥ ಆಗ್ತಿಲ್ಲ ಅಂತ ಕೊರಗಬೇಡಿ. ಜಪಾನಿ, ಇಂಗ್ಲಿಷ್, ಅರ್ಥವೇ ಇಲ್ಲದ ಉಚ್ಚಾರ ಎಲ್ಲ ಕಲಸಿರುತ್ತೆ. ಹಯಾಶಿ ವೇದಿಕೆ ಮೇಲೆ ಕೂಗೋ ‘ತೊಯ್ಸು!’ ಕೂಡ ಬ್ಯಾಂಡಿನದೇ ಒಂದು ನಮಸ್ಕಾರ, ಅಷ್ಟೇ.

2010ರ ಮಾರ್ಚ್ 14ರಂದು ಟೋಕಿಯೊದ ಬುಡೊಕಾನ್‌ನಲ್ಲಿ ನುಡಿಸಿ ಕಾಯೊ ಬ್ಯಾಂಡ್ ಬಿಟ್ಟರು. ಮುಖದಲ್ಲಿ ಒಂದು ಭಾವನೆಯೂ ಇಲ್ಲದೆ ರೋಬೋಟಿನ ಹಾಗೆ ಕೈ ಆಡಿಸುತ್ತಾ ನಿಲ್ಲುತ್ತಿದ್ದವರು ಅವರೇ. ಹೊಸಬರನ್ನು ಸೇರಿಸಿಕೊಳ್ಳದೆ ಉಳಿದ ಮೂವರೇ ಅದೇ ವರ್ಷ ‘ಈ-ಪಿ!!!’ ತಂದರು. 2017ರಲ್ಲಿ ನಕಾಮುರಾ ರಿಯೊ ಸೇರಿ ಮತ್ತೆ ನಾಲ್ವರಾದರು, ಆ ನಾಲ್ವರದು 2019ರ ‘ಇನ್ ದ ಸಿಂಕ್’. ನಿಮ್ಮದು ಮೂರೇ ಜನರ ಬ್ಯಾಂಡ್ ಅಂದಿದ್ದೀರಲ್ಲ, 2010ರಿಂದ 2017ರವರೆಗಿನ ಲೈವ್ ವಿಡಿಯೊಗಳೇ ನಿಮಗೆ ಪಾಠ. ಗಿಟಾರ್ ಎಲ್ಲಿ ಸುಮ್ಮನಾಗಿ ಸಿಂತಿಗೆ ಜಾಗ ಬಿಡುತ್ತೆ ಅನ್ನೋದನ್ನೇ ನೋಡಿ.

ಈಗ ಸದ್ದು. ಯಾವ ಉಚಿತ ಸಿಂತ್ ಪ್ಲಗಿನ್ ಆದರೂ ನಡೆಯುತ್ತೆ. ಒಂದೇ ಆಸಿಲೇಟರ್ (ಸದ್ದು ಹುಟ್ಟಿಸೋ ಭಾಗ), ಪಲ್ಸ್ ವೇವ್, ಅದರ ಅಗಲ ಶೇಕಡಾ 25ರ ಆಸುಪಾಸು. ಮೋನೋ ಮೋಡ್, ಅಂದರೆ ಒಮ್ಮೆಗೆ ಒಂದೇ ಸ್ವರ. ಅಟ್ಯಾಕ್ (ಸದ್ದು ಏರೋ ಸಮಯ) ಸೊನ್ನೆ, ಡಿಕೇ (ಏರಿದ್ದು ಇಳಿಯೋ ಸಮಯ) 120 ಮಿಲಿಸೆಕೆಂಡ್, ಸಸ್ಟೇನ್ (ಕೀ ಒತ್ತಿರೋವರೆಗೆ ನಿಲ್ಲೋ ಮಟ್ಟ) ಶೇಕಡಾ 20, ರಿಲೀಸ್ (ಕೀ ಬಿಟ್ಟ ಮೇಲೆ ಉಳಿಯೋ ಬಾಲ) 30 ಮಿಲಿಸೆಕೆಂಡ್. ಎಲ್ಲರೂ ಎಡವೋದು ಈ ರಿಲೀಸಿನಲ್ಲೇ. ಲೆಕ್ಕ ಹಾಕಿ ನೋಡಿ: 180 ಬಿಪಿಎಂನಲ್ಲಿ (ನಿಮಿಷಕ್ಕೆ 180 ಬೀಟ್) ಒಂದು ಎಂಟನೇ ನೋಟ್ ಅಂದರೆ 167 ಮಿಲಿಸೆಕೆಂಡ್, ಹದಿನಾರನೇ ನೋಟ್ 83. ಪ್ಲಗಿನ್ ಜೊತೆ ಬರೋ ರೆಡಿ ಸದ್ದುಗಳಲ್ಲಿ ರಿಲೀಸ್ 200–300 ಇರೋದು ಮಾಮೂಲು. ಒಂದು ಸ್ವರದ ಬಾಲ ಮುಂದಿನ ಸ್ವರದವರೆಗೂ ಎಳೆದು ಎಲ್ಲ ಗಂಜಿ ಆಗುತ್ತೆ. ರಿವರ್ಬ್ (ಹಾಲ್‌ನಲ್ಲಿ ಕೇಳೋ ಥರದ ಗುಂಗು) ಪೂರ್ತಿ ತೆಗೆದುಬಿಡಿ, ಕಾರಣ ಅದೇ.

ಇದರ ನಂತರ ಡಿಸ್ಟಾರ್ಷನ್. ಆದರೆ ಮೂರು ಸ್ವರದ ಕಾರ್ಡ್ ಹಿಡಿದು ಡಿಸ್ಟಾರ್ಷನ್ ಹಾಕಿದರೆ ಸ್ವರಗಳು ಒಂದಕ್ಕೊಂದು ಬೆರೆತು, ಮೂಲದಲ್ಲಿ ಇಲ್ಲದ ಅಪಸ್ವರಗಳು ಹುಟ್ಟುತ್ತವೆ. ಒಂದಕ್ಕಿಂತ ಹೆಚ್ಚು ಸ್ವರ ಬೇಕಾದ ಕಡೆ ಮೋನೋ ಮೋಡ್ ಆಫ್ ಮಾಡಿ, ಷಡ್ಜ–ಪಂಚಮ ಇಲ್ಲವೇ ಆಕ್ಟೇವ್ ಮಾತ್ರ ಹಿಡಿಯಿರಿ. ಅಭ್ಯಾಸಕ್ಕೆ ‘ಮೈ ಶರೋನಾ’ ಒಳ್ಳೆಯದು, ನ್ಯಾಕ್ ಬ್ಯಾಂಡಿನ 1979ರ ಹಾಡು, ಪಾಲಿಸಿಕ್ಸ್ ಕೂಡ ತಮ್ಮ ಥರ ನುಡಿಸಿದ್ದಾರೆ. ಅದರ ರಿಫ್ (ಮತ್ತೆ ಮತ್ತೆ ಬರೋ ಸಣ್ಣ ಸ್ವರಗುಚ್ಛ) ಇಡೀ ಆಕ್ಟೇವ್ ಜಿಗಿತದ ಮೇಲೆ ನಿಂತಿದೆ, ಬೆರಳಿಗೂ ಕಿವಿಗೂ ಬೇಗ ಹತ್ತುತ್ತೆ. ಕೊನೆಗೆ ಹೈಪಾಸ್ ಫಿಲ್ಟರ್ (ತಗ್ಗಿನ ಸದ್ದನ್ನು ಕತ್ತರಿಸೋದು) 200 ಹರ್ಟ್ಸಿಗೆ ಇಡಿ, ಕೆಳಗಿನ ಜಾಗ ಬಾಸ್ ಗಿಟಾರಿನದು. ಎರಡೂ ಅಲ್ಲೇ ಕೂತರೆ ಕಿಕ್ ಡ್ರಮ್ ಕೇಳಿಸೋದೇ ಇಲ್ಲ. ಒತ್ತಿದ್ದಕ್ಕೂ ಸದ್ದಿಗೂ ಅಂತರ ಅನ್ನಿಸಿದರೆ ಆಡಿಯೊ ಸೆಟ್ಟಿಂಗ್‌ನಲ್ಲಿ ಬಫರ್ 128 ಸ್ಯಾಂಪಲ್‌ಗೆ ಇಳಿಸಿ. 44.1 ಕಿಲೋಹರ್ಟ್ಸ್‌ನಲ್ಲಿ ಅದು 3 ಮಿಲಿಸೆಕೆಂಡಿಗೂ ಕಡಿಮೆ. 1024 ಇದ್ದರೆ 23 ಆಗುತ್ತೆ, ಈ ವೇಗದಲ್ಲಿ ಕೈ ತಪ್ಪುತ್ತೆ.

ವೊಕೋಡರ್‌ನಲ್ಲಿ ಮಾತು ತಿಳಿಯಲ್ಲ ಅಂದರೆ ಹೆಚ್ಚಾಗಿ ತಪ್ಪು ಕ್ಯಾರಿಯರ್‌ನಲ್ಲಿ, ಅಂದರೆ ನಿಮ್ಮ ದನಿ ಕೊರೆಯೋ ಸಿಂತ್ ಸದ್ದಿನಲ್ಲಿರುತ್ತೆ. ಸೈನ್ ವೇವ್ ಕೊಟ್ಟರೆ ಏನೂ ಬರಲ್ಲ, ಕೊರೆಯೋಕೆ ಅದರಲ್ಲಿ ಹಾರ್ಮೋನಿಕ್ಸೇ ಇಲ್ಲ. ಸಾ-ಟೂತ್ ಕೊಡಿ, ಜೊತೆಗೆ ಚೂರು ನಾಯ್ಸ್ ಬೆರೆಸಿ. ‘ಸ’, ‘ಶ’, ‘ಚ’ ಉಳಿಯೋದು ಆ ನಾಯ್ಸ್‌ನಿಂದ. ಕನ್ನಡದಲ್ಲಿ ಹಾಡೋದಾದರೆ ದೀರ್ಘ ಸ್ವರದ ಸಣ್ಣ ಪದ ಆರಿಸಿ. ‘ಓಡು’, ‘ಬಾರೋ’ ಚೆನ್ನಾಗಿ ಕೂರುತ್ತೆ, ಒತ್ತಕ್ಷರ ತುಂಬಿದ ಸಾಲು ಕೂರಲ್ಲ. ಡ್ರಮ್ಸ್ ಪಕ್ಕ ನಿಂತರೆ ಸಿಂಬಲ್ ಸದ್ದು ಮೈಕಿಗೆ ನುಗ್ಗಿ ವೊಕೋಡರ್ ತಾನೇ ಒದರುತ್ತೆ. ಡೈನಮಿಕ್ ಮೈಕ್ ಇಟ್ಟುಕೊಳ್ಳಿ, ತುಟಿಯಿಂದ 2–3 ಸೆಂಟಿಮೀಟರ್, ಮೈಕಿನ ನಂತರ ಒಂದು ಗೇಟ್ (ಸಣ್ಣ ಸದ್ದನ್ನು ತಡೆಯೋದು).

ವೇದಿಕೆ ಮೇಲೆ ಮೊದಲೇ ರೆಕಾರ್ಡ್ ಮಾಡಿದ ಸಿಂತ್ ಸೀಕ್ವೆನ್ಸ್ ಓಡಿಸೋದಾದರೆ ಕಡಿಮೆ ಖರ್ಚಿನ ದಾರಿ: ಸ್ಟೀರಿಯೊ ಫೈಲ್‌ನ ಎಡಗಡೆ ಕ್ಲಿಕ್ (ತಾಳ ಹಿಡಿಯೋ ಟಿಕ್ ಟಿಕ್), ಬಲಗಡೆ ಸಿಂತ್. ಎಡ ಡ್ರಮ್ಮರ್ ಹೆಡ್‌ಫೋನಿಗೆ, ಬಲ ಮಿಕ್ಸರ್‌ಗೆ. ಸೌಂಡ್ ಸಿಸ್ಟಮ್‌ನವರಿಗೆ ಮೊದಲೇ ಹೇಳಿ, ಅವರು ಎರಡನ್ನೂ ಒಟ್ಟಿಗೆ ಎತ್ತಿದರೆ ಸಭೆಗೆಲ್ಲ ಟಿಕ್ ಟಿಕ್ ಕೇಳಿಸುತ್ತೆ. ಡ್ರಮ್ಮರ್ ಕ್ಲಿಕ್‌ಗೆ ಪಳಗಿಲ್ಲ ಅಂದರೆ ಸೀಕ್ವೆನ್ಸ್ ಆಸೆ ಬಿಡಿ, ಸಿಂತ್ ಕೈಯಲ್ಲೇ ನುಡಿಸಿ.

ಜಂಪ್‌ಸೂಟ್‌ಗೆ ಕಾರ್ಖಾನೆಯವರು ಹಾಕೋ ಬಾಯ್ಲರ್ ಸೂಟ್ ಸಾಕು. ಕಾಟನ್ ಇರಲಿ, ಪಾಲಿಯೆಸ್ಟರ್‌ನಲ್ಲಿ ಎರಡನೇ ಹಾಡಿಗೇ ಬೆಂದು ಹೋಗ್ತೀರಿ.

ಇನ್ನು ಹಳೇ ಕಾರ್ಗ್. 1981ರ ಯಂತ್ರ, ಅನಲಾಗ್, ಆರು ವಾಯ್ಸ್ (ಒಮ್ಮೆಗೆ ಆರು ಸ್ವರ), 32 ಸದ್ದು ನೆನಪಿಡುತ್ತೆ, ಕೋರಸ್ ಮತ್ತು ಎನ್ಸೆಂಬಲ್ ಒಳಗೇ ಇದೆ. ಸದ್ದು ಸೊಗಸು, ಅನುಮಾನ ಇಲ್ಲ. ಆದರೆ ಆ ಸೊಗಸು ದಪ್ಪ, ಮೆತ್ತಗಿನ ಕಾರ್ಡ್‌ಗಳಲ್ಲಿದೆ. ನಿಮಗೆ ಬೇಕಾಗಿರೋ ಕಿರುಚಾಟಕ್ಕೆ ಅಷ್ಟು ದುಡ್ಡು ದಂಡ. ಕಾರ್ಗ್ ಕಂಪನಿಯೇ ಮಾಡಿದ ಸಾಫ್ಟ್‌ವೇರ್ ಆವೃತ್ತಿ ಇದೆ, ಐಪ್ಯಾಡ್‌ಗೂ ಇದೆ.

ಆದರೂ ಯಂತ್ರವೇ ಬೇಕು ಅನ್ನೋರು ಎರಡು ವಿಷಯ ನೋಡಿ. ಜಪಾನಿನಲ್ಲಿ ಮಾರಿದ ಯಂತ್ರ 100 ವೋಲ್ಟಿನದು, ನಮ್ಮ 230ಕ್ಕೆ ನೇರ ಚುಚ್ಚಿದರೆ ಪವರ್ ಸಪ್ಲೈ ಸುಟ್ಟಿತು ಅಂತಲೇ ಲೆಕ್ಕ. 100 ವೋಲ್ಟ್ ಕೊಡುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಹಿಂಬದಿಯಲ್ಲಿ ಬರೆದಿರೋ ವ್ಯಾಟ್‌ಗಿಂತ ಕನಿಷ್ಠ ಎರಡು ಪಟ್ಟಿನದು. ಎರಡನೆಯದು, ಯಂತ್ರದೊಳಗಿನ ಕೆಎಲ್‌ಎಂ-367 ಅನ್ನೋ ಸರ್ಕ್ಯೂಟ್ ಬೋರ್ಡ್ ಮೇಲಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ವಯಸ್ಸಾದಂತೆ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತೆ. ಬಟನ್ ಒತ್ತಿದರೆ ಬೇರೇನೋ ಆಗೋದು, ಸೇವ್ ಮಾಡಿದ ಸದ್ದು ಕಲಸಿಹೋಗೋದು ಅದರ ಲಕ್ಷಣ. ಮಾರುವವರಿಂದ ಆ ಬೋರ್ಡಿನ ಫೋಟೊ ಕೇಳಿ, ಕೊಡದಿದ್ದರೆ ಕೈ ಬಿಡಿ. ಹಸಿರು ಬಿಳುಪಿನ ಪುಡಿ ಕಂಡರೆ ಬ್ಯಾಟರಿ ಬಿಚ್ಚಿ, ಬಿಳಿ ವಿನೆಗರ್ ಅದ್ದಿದ ಬ್ರಷ್‌ನಿಂದ ಉಜ್ಜಿ. ಸೋರಿದ್ದು ಕ್ಷಾರ, ಅದಕ್ಕೆ ಹುಳಿ. ಆಮೇಲೆ ಡಿಸ್ಟಿಲ್ಡ್ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್. ಪೂರ್ತಿ ಒಣಗಿದ ಮೇಲೆ ಪ್ರತಿ ಗೆರೆಯನ್ನೂ ಮಲ್ಟಿಮೀಟರ್‌ನಲ್ಲಿ ಬೀಪ್ ಮಾಡಿ ನೋಡಿ, ಕಡಿದಲ್ಲಿ ತೆಳು ತಂತಿ ಬೆಸುಗೆ ಹಾಕಿ. ಬದಲಿಗೆ ಸಿಆರ್ 2032 ಸೆಲ್ಲನ್ನು ಹೋಲ್ಡರ್‌ನಲ್ಲಿ, ಬೋರ್ಡಿನಿಂದ ದೂರ, ವೈರ್ ಎಳೆದು ಕೂರಿಸಿ. ಮಧ್ಯೆ ಒಂದು ಶಾಟ್‌ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋದು) ಹಾಕೋದು ಮರೀಬೇಡಿ. ಹಳೇ ಬ್ಯಾಟರಿ ಚಾರ್ಜ್ ಆಗೋದು, ಆ ಸರ್ಕ್ಯೂಟ್ ಇನ್ನೂ ಅಲ್ಲೇ ಇರುತ್ತೆ. ಲಿಥಿಯಂ ಸೆಲ್ಲಿಗೆ ಚಾರ್ಜ್ ನುಗ್ಗಿದರೆ ಅದು ಉಬ್ಬಿ ಒಡೆಯಬಹುದು.