ಏಡ್ರಿಯನ್ ಕೂಪರ್ ಅವರ ಹಾಡು ಮತ್ತು ಶಿಬಿರ

ಏಡ್ರಿಯನ್ ಕೂಪರ್ ಯಿಡ್ಡಿಷ್ (ಪೂರ್ವ ಯುರೋಪಿನ ಯಹೂದಿಗಳ ಭಾಷೆ) ಗಾಯಕಿಯಷ್ಟೇ ಆಗಿದ್ದರೆ, ಕ್ಲೆಜ್ಮರ್ ವಾದ್ಯಸಂಗೀತದ ಪುನರುಜ್ಜೀವನದಲ್ಲಿ ಅವರ ಹೆಸರು ಏಕೆ ಬರುತ್ತದೆ ಎಂದು ತಾವು ಕೇಳಿದ್ದೀರಿ. 1946ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಹುಟ್ಟಿದ ಅವರು, ಪೂರ್ವ ಯುರೋಪಿನ ಯಹೂದಿಗಳ ಭಾಷೆ ಮತ್ತು ಬದುಕಿನ ಅಧ್ಯಯನಕ್ಕೆ ಮೀಸಲಾದ ನ್ಯೂಯಾರ್ಕಿನ ಯೀವೋ ಸಂಸ್ಥೆಯಲ್ಲಿದ್ದಾಗ, 1985ರ ಹೊತ್ತಿಗೆ ಸಂಗೀತಗಾರ ಹೆನ್ರಿ ಸಪೋಜ್ನಿಕ್ ಅವರೊಡಗೂಡಿ ಕ್ಲೆಜ್‌ಕ್ಯಾಂಪ್ ಎಂಬ ವಾರ್ಷಿಕ ಶಿಬಿರವನ್ನು ಕಟ್ಟಿದರು. ಕ್ಲೆಜ್ಮರ್ ಮೂಲತಃ ಆ ಯಹೂದಿಗಳ ಮದುವೆಮನೆಯ ಸಂಗೀತ. ಅದರಲ್ಲಿ ಪಿಟೀಲು, ಕ್ಲಾರಿನೆಟ್‌ಗಳದೇ ಮೇಲುಗೈ. ಆ ವಾದ್ಯಗಳ ಜೊತೆಗೆ ಯಿಡ್ಡಿಷ್ ಮಾತು, ಹಾಡು, ಕುಣಿತಗಳನ್ನೂ ಒಂದೇ ಸೂರಿನಡಿ ಕಲಿಸಿದ ಆ ಶಿಬಿರವೇ, ನನ್ನ ಮಟ್ಟಿಗೆ, ಅವರ ಧ್ವನಿಮುದ್ರಿಕೆಗಳಿಗಿಂತ ದೊಡ್ಡ ಕೊಡುಗೆ (ಧ್ವನಿಯೂ ಸಾಮಾನ್ಯದ್ದಲ್ಲ, ಅದು ಬೇರೆ ಮಾತು). ಅವರು 2011ರ ಡಿಸೆಂಬರಿನಲ್ಲಿ ನಿಧನರಾದರು. ಮಗಳೂ ಯಿಡ್ಡಿಷ್ ಗಾಯಕಿಯೇ.