ಪೈಲಟ್ ಟ್ರೇನಿಂಗ್ ಬಾಂಡ್ ನ್ಯಾಯವೇ?

ಮಂಡ್ಯದ ನಿಮ್ಮ ತಂಗಿಗೆ ವಿಮಾನ ಕಂಪನಿ ಕೊಟ್ಟ ಟ್ರೇನಿಂಗ್ ಬಾಂಡ್ ನ್ಯಾಯವೇ ಅಂತ ಕೇಳಿದ್ದೀರಿ. ಟ್ರೇನಿಂಗ್ ಬಾಂಡ್ ಅಂದರೆ ಕಂಪನಿ ಕೊಡುವ ತರಬೇತಿಗೆ ಬದಲಾಗಿ ಇಷ್ಟು ಕಾಲ ಕೆಲಸ ಮಾಡುತ್ತೇನೆ, ಮಧ್ಯೆ ಬಿಟ್ಟರೆ ಇಷ್ಟು ಹಣ ಕಟ್ಟುತ್ತೇನೆ ಅನ್ನುವ ಒಪ್ಪಂದ. ಬಾಂಡ್ ಇರುವುದೇ ತಪ್ಪಲ್ಲ. ಆದರೆ ಮೊತ್ತ ನಿಜವಾದ ಖರ್ಚಿನಷ್ಟೇ ಇರಬೇಕು, ಕೆಲಸ ಮಾಡಿದ ಹಾಗೆ ಇಳಿಯುತ್ತಾ ಹೋಗಬೇಕು.

ಲೈಸೆನ್ಸ್ ಇದ್ದರೂ ಏರ್‌ಬಸ್ ಎ320ರಂಥ ವಿಮಾನ ಹಾರಿಸಲು ಆ ಮಾದರಿಗೇ ಬೇರೆ ತರಬೇತಿ ಬೇಕು. ಇದೇ 'ಟೈಪ್ ರೇಟಿಂಗ್'. ಲಕ್ಷಗಟ್ಟಲೆ ಖರ್ಚು. ಕಲಿತವರು ಮರುದಿನವೇ ಬಿಟ್ಟುಹೋದರೆ ಇನ್ನೊಂದು ಕಂಪನಿಗೆ ಪೈಲಟ್ ಸುಮ್ನೆ ಸಿಕ್ಕಂತೆ, ಅಲ್ವಾ? ಅದಕ್ಕೇ ಬಾಂಡ್.

1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬಾಂಡ್‌ನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಎಷ್ಟು ಸರಿಯೋ ಅಷ್ಟನ್ನೇ ಕೋರ್ಟ್ ಕೊಡಿಸುತ್ತದೆ. ಟ್ರೇನಿಂಗ್ ಫೀಸನ್ನು ತಂಗಿಯೇ ಕಟ್ಟಿದ್ದರೆ ಅದಕ್ಕೂ ಬಾಂಡ್ ಕೇಳುವುದು ನನಗಂತೂ ಜಾಸ್ತಿಯಾಯ್ತು ಅನಿಸುತ್ತದೆ. ಕಂಪನಿಯೇ ಕೆಲಸದಿಂದ ತೆಗೆದರೆ ಏನು ಅಂತ ಬರೆದಿದೆಯಾ, ಸಹಿಗೆ ಮುಂಚೆ ನೋಡಿ.